ಅರ್ಧ ಬೆಸೆದ ಏಳನೆಯ ಮೂಳೆ

ನನ್ನ ಭಾವನನ್ನು ಎದುರಿಗೆ ನಾನು ಯಾವತ್ತೂ ಬಹುವಚನದಲ್ಲೇ ಮಾತಾಡಿಸಿದ್ದೇನೆ. ಬರೆಯುವಾಗ ಮಾತ್ರ ಏಕವಚನ. ಮೂವತ್ತೆರಡು ವರ್ಷ ಸಹಿಸಿಕೊಂಡವಳಿಗೆ ಅಷ್ಟಾದರೂ ಸ್ವಾತಂತ್ರ್ಯ ಇರಲಿ.

ಅವನು ಪಶುವೈದ್ಯ ಕಾಲೇಜಿನಲ್ಲಿ ಅಸ್ಥಿಪಂಜರ ಜೋಡಿಸುವ ಕೆಲಸದವನು. ಸತ್ತ ನಾಯಿ, ದನ, ಕುದುರೆ, ಹಂದಿ ಎಲ್ಲ ಕಾಲೇಜಿನ ಹಿಂದಿನ ತಗಡಿನ ಷೆಡ್ಡಿಗೆ ಬರುತ್ತವೆ. ಮಾಂಸ ಬಿಡಿಸಿ, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಜಿಡ್ಡು ತೆಗೆದು, ಮೂಳೆಗಳನ್ನು ಬೆಳ್ಳಗೆ ಮಾಡಿ, ತೂತು ಕೊರೆದು, ಹಿತ್ತಾಳೆ ತಂತಿಯಲ್ಲಿ ಪೋಣಿಸಿ ಮತ್ತೆ ನಾಲ್ಕು ಕಾಲಿನ ಮೇಲೆ ನಿಲ್ಲಿಸುತ್ತಾನೆ. ಅದಕ್ಕೇ ವಿದ್ಯಾರ್ಥಿಗಳು ಅವನಿಗೆ ತಂತಿ ಮೇಷ್ಟ್ರು ಎಂದು ಹೆಸರಿಟ್ಟರು. ಪಾಠ ಹೇಳುವ ಹುದ್ದೆ ಅವನದಲ್ಲ, ಆದರೆ ಮೇಷ್ಟ್ರು ಅನ್ನಿಸಿಕೊಂಡ ದಿನದಿಂದ ಅವನ ನಡಿಗೆಯೇ ಬದಲಾಯಿತು. ಷೆಡ್ಡಿನಲ್ಲಿ ಹಾಕಿಕೊಳ್ಳುವ ಕೋಟನ್ನೇ ಹಾಕಿಕೊಂಡು ಅಂಚೆ ಕಚೇರಿಗೂ ಹೋಗುತ್ತಿದ್ದ. ಆ ವಾಸನೆಗೆ ಸಾಲಿನಲ್ಲಿದ್ದವರು ದಾರಿ ಬಿಟ್ಟರೆ ಗೌರವಕ್ಕೆ ಬಿಟ್ಟರು ಎಂದು ತಿಳಿದುಕೊಳ್ಳುವ ಜಾತಿ.

ನಾನು ಹೇಳಹೊರಟಿರುವುದು ಅವನ ಕಥೆಯನ್ನೇ, ಆದರೆ ಹೇಳುವ ಹಾಗೆ ಮಾಡಿದ್ದು ನನ್ನ ಅಕ್ಕನ ನಾಯಿ. ಮರಿ ಎಂದು ಅದರ ಹೆಸರು. ಎಂಟು ವರ್ಷ ತುಂಬಿದ ಮೇಲೂ ಮರಿಯೇ. ಮಕ್ಕಳಿಲ್ಲದ ಆ ಮನೆಯಲ್ಲಿ ಅಕ್ಕನ ಮಾತು ಕೇಳಿಸಿಕೊಳ್ಳುತ್ತಿದ್ದ ಜೀವ ಅದೊಂದೇ. ಭಾವನ ನಿವೃತ್ತಿಗೆ ಇನ್ನು ಹದಿನೆಂಟು ದಿನ ಇದೆ ಅನ್ನುವಾಗ ಮರಿಯ ಹಿಂಗಾಲುಗಳು ಕೈಕೊಟ್ಟವು. ಮೊದಲು ಮೆಟ್ಟಿಲು ಹತ್ತುವಾಗ ಕುಂಯ್ ಅಂದಿತು, ನಾಲ್ಕನೆಯ ದಿನ ಹಿಂಭಾಗವನ್ನು ಒದ್ದೆ ಬಟ್ಟೆಯ ಹಾಗೆ ನೆಲದ ಮೇಲೆ ಎಳೆದುಕೊಂಡು ಬಂದು ಅಕ್ಕನ ಕಾಲ ಬಳಿ ಬಿದ್ದುಕೊಂಡಿತು. ಅಕ್ಕ ಅವತ್ತು ಒಲೆ ಹಚ್ಚಲಿಲ್ಲ.

ಭಾವನ ದೊಡ್ಡಸ್ತಿಕೆಯ ಬಗ್ಗೆ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವನ ಪ್ರಪಂಚವೆಲ್ಲ ಪಕ್ಕೆಲುಬು ಮುಗಿಯುವಲ್ಲಿಂದ ಬಾಲ ಶುರುವಾಗುವ ತನಕ. ಬೆನ್ನುಮೂಳೆಯ ಆ ಕೆಳಭಾಗ ಜೋಡಿಸುವುದೇ ಕಷ್ಟ, ಉಳಿದದ್ದು ಯಾರು ಬೇಕಾದರೂ ಪೋಣಿಸಬಹುದು ಅನ್ನುವುದು ಅವನ ವಾದ. ಫ್ಯಾನ್ ರಿಪೇರಿಗೆ ಬಂದವನನ್ನೂ ಬಿಡುತ್ತಿರಲಿಲ್ಲ. ಏಣಿಯ ಮೇಲಿದ್ದ ಆ ಬಡಪಾಯಿಗೆ ಕೆಳಗಿಂದ ಪ್ರಶ್ನೆ ಹಾಕುತ್ತಿದ್ದ.

“ನಿನ್ನ ಸೊಂಟದಲ್ಲಿ ಎಷ್ಟು ಮೂಳೆ ಇದೆ ಹೇಳಪ್ಪ ನೋಡೋಣ.”

“ಗೊತ್ತಿಲ್ಲ ಸಾರ್. ಆ ಕರೆಂಟ್ ಸ್ವಲ್ಪ ಆಫ್ ಮಾಡಿ.”

“ಐದು. ದನಕ್ಕೆ ಆರು, ಕುದುರೆಗೆ ಆರು. ಹಂದಿಗೆ ಆರೋ ಏಳೋ, ಹಂದಿಯನ್ನ ನಂಬೋ ಹಾಗಿಲ್ಲ. ನಾಯಿಗೆ ಏಳು. ಅದಕ್ಕೇ ಅದು ಬೆನ್ನು ಬಗ್ಗಿಸಿ ಓಡತ್ತೆ, ನೀನು ಏಣಿ ಮೇಲೆ ನಡುಗ್ತೀಯ.”

ಏಳರ ಹಿಂದೆ ನಾಯಿಗೆ ಮೂರು ಮೂಳೆ ಬೆಸೆದುಕೊಂಡು ಒಂದಾಗಿರುತ್ತವೆ. ತ್ರಿಕಾಸ್ಥಿ ಎಂದು ಪುಸ್ತಕದ ಹೆಸರು. ಅದು ಎರಡು ಸೊಂಟದೆಲುಬುಗಳ ನಡುವೆ ಬಿಗಿಯಾಗಿ ಕೂತಿರುತ್ತದೆ, ಅಲ್ಲಾಡುವುದಿಲ್ಲ. ದನಕ್ಕೂ ಕುದುರೆಗೂ ಹೀಗೆ ಬೆಸೆದವು ಐದು, ಬೆಕ್ಕಿಗೆ ನಾಯಿಯ ಹಾಗೇ ಮೂರು. ಅಲ್ಲಾಡುವ ಏಳನೆಯ ಮೂಳೆಗೂ ಅಲ್ಲಾಡದ ತ್ರಿಕಾಸ್ಥಿಗೂ ನಡುವಿನ ಸಂದಿಯಲ್ಲಿ ಹಿಂಗಾಲಿಗೆ, ಬಾಲಕ್ಕೆ, ಮೂತ್ರದ ಚೀಲಕ್ಕೆ ಹೋಗುವ ನರಗಳ ಕಟ್ಟು ಹಾದುಹೋಗುತ್ತದೆ. ನಾಯಿ ಜೀವಮಾನವಿಡೀ ನೆಗೆದು ಬಿದ್ದ ಭಾರವೆಲ್ಲ ಆ ಸಂದಿಯ ಮೇಲೆ. ಸವೆಯುವುದೂ ಅಲ್ಲೇ, ನರ ಒತ್ತುವುದೂ ಅಲ್ಲೇ. ಇದು ಸರಿಯಾಗಿ ಹುಟ್ಟಿದ ನಾಯಿಯ ಮಾತು.

ಸರಿಯಾಗಿ ಹುಟ್ಟದವೂ ಇರುತ್ತವೆ. ಕೆಲವಕ್ಕೆ ಏಳನೆಯ ಮೂಳೆ ಒಂದು ಕಡೆ ಬಿಡಿಯಾಗಿರುತ್ತದೆ, ಇನ್ನೊಂದು ಕಡೆ ಸೊಂಟದೆಲುಬಿಗೆ ಬೆಸೆದುಕೊಂಡಿರುತ್ತದೆ. ಅತ್ತ ಅಲ್ಲಾಡುವ ಏಳರದೂ ಅಲ್ಲ, ಇತ್ತ ತ್ರಿಕಾಸ್ಥಿಯದೂ ಅಲ್ಲ. ಇಂಥದ್ದು ಷೆಡ್ಡಿಗೆ ಬಂದರೆ ಭಾವ ಏನು ಮಾಡುತ್ತಿದ್ದ ಎಂದು ನನಗೆ ಅವನೇ ತೋರಿಸಿದ್ದಾನೆ, ಅದೂ ಎದೆಯುಬ್ಬಿಸಿಕೊಂಡು. ಕೂದಲೆಳೆಯಷ್ಟು ಸಣ್ಣ ಗರಗಸದಿಂದ ಬೆಸುಗೆ ಬಿಡಿಸುವುದು, ಅರದಿಂದ ತೀಡಿ ಇನ್ನೊಂದು ಕಡೆಯ ಆಕಾರಕ್ಕೆ ತರುವುದು, ಮರಳು ಕಾಗದದಲ್ಲಿ ಉಜ್ಜಿ, ವಾರ್ನಿಷ್ ಬಳಿದು, ಏಳನೆಯದು ಎಂದು ಪೋಣಿಸಿಬಿಡುವುದು.

“ಇದು ಸುಳ್ಳಲ್ವಾ ಭಾವ?” ಎಂದು ನಾನು ಕೇಳಿದ್ದೆ.

“ಸುಳ್ಳು ಹೇಳ್ತಿರೋದು ಮೂಳೆ ಕಣಮ್ಮ. ಹುಡುಗರು ಪರೀಕ್ಷೆಲಿ ತಪ್ಪು ಬರೀಬಾರ್ದು ಅಂತ ನಾನು ತಿದ್ತೀನಿ, ಅಷ್ಟೆ.”

ತಿದ್ದುವುದು ಅವನ ಚಾಳಿ. ಅಕ್ಕ ಮದುವೆಗೆ ಮುಂಚೆ ಬಾಯಿ ತುಂಬ ನಗುತ್ತಿದ್ದಳು, ಪಕ್ಕದ ಬೀದಿಗೆ ಕೇಳಿಸುತ್ತಿತ್ತು. ಅವನ ಮನೆ ಸೇರಿದ ಒಂದು ವರ್ಷದಲ್ಲಿ ಕೈ ಅಡ್ಡ ಇಟ್ಟುಕೊಂಡು ನಗುವುದು ಕಲಿತಳು. ಆಮೇಲೆ ಕೈಗೂ ಕೆಲಸ ಉಳಿಯಲಿಲ್ಲ.

ಕೈಗೆ ಬೇರೆ ಕೆಲಸ ಅವನೇ ಕೊಟ್ಟ. ಷೆಡ್ಡಿನಲ್ಲಿ ಮುಗಿಯದ ಮೂಳೆಗಳು ಗೋಣಿಚೀಲದಲ್ಲಿ ಮನೆಗೆ ಬರುತ್ತಿದ್ದವು. ಹಿತ್ತಲಿನ ಕಟ್ಟೆಯ ಮೇಲೆ ಕೂತು ಮಧ್ಯಾಹ್ನವೆಲ್ಲ ಅಕ್ಕ ಅವನ್ನು ಉಜ್ಜುತ್ತಿದ್ದಳು. ದಪ್ಪ ಕಾಗದ, ನಡುವಿನದು, ನಯವಾದದ್ದು, ಕೊನೆಗೆ ಒದ್ದೆ ಬಟ್ಟೆ. ಮೂವತ್ತು ವರ್ಷ ಬಿಟ್ಟಿ ಚಾಕರಿ. ಕಾಲೇಜಿನಲ್ಲಿ ಯಾರಾದರೂ “ಏನು ನುಣುಪು ಮೇಷ್ಟ್ರೇ” ಅಂದರೆ ಇವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಬಂದಷ್ಟೇ ಸಿಟ್ಟು ಅಕ್ಕನ ಮೇಲೂ ಬರುತ್ತಿತ್ತು. ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸುವ, ತುಟಿ ಪಿಟಕ್ಕೆನ್ನದ ಹೆಂಗಸು. ಒಂದೊಂದು ಸಲ ಮರಿಗೇ ಅವಳಿಗಿಂತ ಹೆಚ್ಚು ಪೌರುಷ ಇದೆ ಅನ್ನಿಸುತ್ತಿತ್ತು. ಅದಾದರೂ ಇವನ ಚೀಲ ಕಂಡರೆ ಗುರ್ ಅನ್ನುತ್ತಿತ್ತು.

ಇನ್ನು ವಿಭಾಗದ ಮುಖ್ಯಸ್ಥರು. ಷೆಡ್ಡಿನ ವಾಸನೆಗೆ ತಲೆ ಸುತ್ತುತ್ತದೆ ಎಂದು ಒಂದು ದಿನವೂ ಒಳಗೆ ಕಾಲಿಡದ ಮಹಾನುಭಾವರು. ಗಾಜಿನ ಬೀರುಗಳಲ್ಲಿ ನಿಂತಿದ್ದ ನೂರ ನಲವತ್ತು ನಾಯಿಗಳನ್ನು ಹೊರಗಿನಿಂದಲೇ ಎಣಿಸಿ ಒಂದು ಸಮೀಕ್ಷೆ ಬರೆದರು. ಈ ಸಂಗ್ರಹದ ಒಂದೇ ಒಂದು ನಾಯಿಯಲ್ಲೂ ಏಳನೆಯ ಮೂಳೆಯಲ್ಲಿ ದೋಷ ಕಂಡುಬಂದಿಲ್ಲ, ಇದು ಅಪರೂಪದ ಸಂಗತಿ ಎಂದು ಅದರ ಸಾರಾಂಶ. ಅಪರೂಪವಾಗದೆ ಇನ್ನೇನು, ನನ್ನ ಅಕ್ಕನ ಮರಳು ಕಾಗದಕ್ಕೆ ಸಿಕ್ಕು ಉಳಿದ ದೋಷ ಯಾವುದಿತ್ತು. ಸಮೀಕ್ಷೆಗೆ ಚೌಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದರು. ಕೊನೆಯ ಸಾಲಿನಲ್ಲಿ ಭಾವನಿಗೆ ಕೃತಜ್ಞತೆ ಇತ್ತು. ನಿವೃತ್ತಿಯ ದಿನ ವಸ್ತುಸಂಗ್ರಹದ ಬಾಗಿಲಿಗೆ ಅವನ ಹೆಸರಿನ ಹಿತ್ತಾಳೆ ಫಲಕ ಹಾಕುವುದು ಎಂದೂ ತೀರ್ಮಾನವಾಯಿತು. ಆ ಸುದ್ದಿ ಬಂದ ಮೇಲೆ ಅವನ ತಲೆಯ ಮೇಲೆ ಎರಡು ಕೋಡು ಮೂಡಿದವು.

ನಾನು ಅದೇ ಕಾಲೇಜಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮರಿಯನ್ನು ಅಕ್ಕ ಎತ್ತಿಕೊಂಡು ಬಂದಾಗ ನಾನೇ ಮೇಜಿನ ಮೇಲೆ ಅಂಗಾತ ಮಲಗಿಸಿ, ಹಿಂಗಾಲು ಎಳೆದು ಹಿಡಿದು, ಚಿತ್ರ ತೆಗೆದೆ. ಒದ್ದೆ ಫಿಲಮನ್ನು ಬೆಳಕಿಗೆ ಹಿಡಿದಾಗಲೇ ಕಂಡಿತು. ಎಡಗಡೆ ಏಳನೆಯ ಮೂಳೆಯ ರೆಕ್ಕೆಯಂಥ ಚಾಚು ಬಿಡಿ, ಬಲಗಡೆ ಸೊಂಟದೆಲುಬಿಗೆ ಗಟ್ಟಿಯಾಗಿ ಬೆಸೆದಿದೆ. ನಾನು ನಾಯಿಯನ್ನು ವಾರೆಯಾಗಿ ಮಲಗಿಸಿದೆನೋ ಏನೋ ಎಂದು ಎರಡನೆಯ ಸಲ ತೆಗೆದೆ. ಅದೇ ಬಂತು.

ಫಿಲಮನ್ನು ಮೊದಲು ಆಸ್ಪತ್ರೆಯ ಸರ್ಜನ್‌ಗೆ ತೋರಿಸಿ, ಅಲ್ಲಿಂದ ನೇರ ಷೆಡ್ಡಿಗೆ ಹೋದೆ. ಭಾವ ಒಂದು ಕರುವಿನ ಬಾಲಕ್ಕೆ ತಂತಿ ಹಾಕುತ್ತಿದ್ದ. ಫಿಲಮನ್ನು ಕಿಟಕಿಗೆ ಹಿಡಿದು ನೋಡಿದ. ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು.

“ನೀನು ವಾರೆ ಮಲಗಿಸಿದೀಯ,” ಅಂದ.

“ಎರಡು ಸಲ ತೆಗ್ದೆ ಭಾವ. ನೀವು ಇಂಥವನ್ನ ಬಿಡಿಸಿದೀರಲ್ಲ, ಸರ್ಜನ್ ಹತ್ರ ಹೇಳಿ. ನರ ಎಲ್ಲಿ ಒತ್ತಿದೆ ಅಂತ ಅವರಿಗೆ ಗೊತ್ತಾಗ್ತಿಲ್ಲ. ಅವರೇ ನಿಮ್ಮನ್ನ ಕೇಳ್ಬೇಕು ಅಂತಿದಾರೆ.”

“ಹೇಳಿದ್ರೆ? ಆ ಸಮೀಕ್ಷೆ ಏನಾಗ್ಬೇಕು? ಮುಖ್ಯಸ್ಥರ ಮುಖ ಎಲ್ಲಿಡೋದು?”

“ಮರಿ ನಡೀಬೇಕಲ್ವಾ?”

“ನಾಯಿ ಕಣಮ್ಮ ಅದು,” ಅಂದ. ಆಮೇಲೆ ದನಿ ತಗ್ಗಿಸಿ, “ನಿನಗೆ ಈ ಕೆಲಸ ಕೊಡಿಸಿದ್ದು ಯಾರು ಅಂತ ಜ್ಞಾಪಕ ಇರ್ಲಿ,” ಅಂದ.

ಜ್ಞಾಪಕ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಯಾರದೋ ಬಾಗಿಲಲ್ಲಿ ನಿಂತು ಹಲ್ಲು ಗಿಂಜಿ ಕೊಡಿಸಿದ್ದ. ನಾನು ಫಿಲಮನ್ನು ಲಕೋಟೆಗೆ ಹಾಕಿಕೊಂಡು ಬಂದೆ.

ಮರುದಿನ ಬೆಳಗ್ಗೆ ಹತ್ತಕ್ಕೆ ಸರ್ಜನ್ ಎಲ್ಲರನ್ನೂ ಕರೆಸಿದರು. ಈ ಸರ್ಜನ್ ಭಾವನ ಅಸ್ಥಿಪಂಜರಗಳ ಎದುರು ನಿಂತು ಓದಿಕೊಂಡೇ ಪಾಸಾದ ಹುಡುಗಿ. ಈಗ ಮೂವತ್ತೈದಿರಬಹುದು, ಕೈ ಚುರುಕು, ಮಾತು ಕಮ್ಮಿ. ಕೋಣೆಯಲ್ಲಿ ಬೆಳಕಿನ ಪೆಟ್ಟಿಗೆ, ಉಕ್ಕಿನ ಮೇಜು, ಎರಡು ಸ್ಟೂಲು. ಅಕ್ಕ ಸ್ಟೂಲಿನ ಮೇಲೆ ಕೂರಲಿಲ್ಲ. ಮೇಜಿನ ಮೇಲಿದ್ದ ಮರಿಯ ತಲೆಯನ್ನು ತನ್ನ ತೋಳಿನ ಮೇಲೆ ಇಟ್ಟುಕೊಂಡು ನಿಂತಿದ್ದಳು. ಭಾವ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಬಂದಿದ್ದ.

ಸರ್ಜನ್ ಫಿಲಮಿನ ಮೇಲೆ ಪೆನ್ಸಿಲ್ ಇಟ್ಟರು. “ಅಮ್ಮ, ನೇರವಾಗಿ ಹೇಳ್ತೀನಿ. ನರ ಒತ್ತಿರೋದು ಖಂಡಿತ. ಮೂರು ನಾಲ್ಕು ದಿನದಲ್ಲಿ ಬಿಡಿಸದಿದ್ರೆ ಹಿಂಗಾಲು ವಾಪಸ್ ಬರಲ್ಲ. ಸಾಮಾನ್ಯವಾಗಿ ಒತ್ತೋದು ಈ ಏಳನೇ ಮೂಳೆಯ ಹಿಂದಿನ ಸಂದೀಲಿ. ಆದ್ರೆ ಇದರ ಏಳನೇದು ಒಂದು ಕಡೆ ಬೆಸ್ಕೊಂಡಿದೆ. ಹಾಗಾಗಿ ಒತ್ತಿರೋದು ಹಿಂದೆನೋ, ಒಂದು ಸಂದಿ ಮುಂದೆನೋ, ಫಿಲಮಿನಲ್ಲಿ ಕಾಣ್ತಿಲ್ಲ. ಅದನ್ನ ತೋರಿಸೋ ಮೆಷಿನ್ ನಮ್ಮಲ್ಲಿಲ್ಲ.”

“ಎರಡೂ ಕಡೆ ಬಿಡಿಸೋಕಾಗಲ್ವಾ ಡಾಕ್ಟ್ರೇ?” ನಾನು ಕೇಳಿದೆ.

“ಎರಡೂ ಕಡೆ ಮೂಳೆ ಕೆತ್ತಿದ್ರೆ ಬೆನ್ನು ನಿಲ್ಲಲ್ಲ. ಒಂದೇ ಕಡೆ, ಒಂದೇ ಸಲ.” ಅವರು ಭಾವನ ಕಡೆ ತಿರುಗಿದರು. “ಮೇಷ್ಟ್ರೇ, ಪುಸ್ತಕದಲ್ಲಿ ಒಬ್ಬೊಬ್ಬರು ಒಂದೊಂದು ಬರೀತಾರೆ. ನೀವು ಮುನ್ನೂರು ನಾಯಿ ಕೈಯಲ್ಲಿ ಹಿಡಿದಿದೀರಿ. ಹೀಗೆ ಬೆಸೆದದ್ದು ಒಂದಾದ್ರೂ ಬಂದಿತ್ತಾ? ಸವೆದ ಸಂದೀಲಿ ಮೂಳೆ ಅಂಚಿಗೆ ಮುಳ್ಳು ಬೆಳೆಯತ್ತಲ್ಲ, ಅದು ಇಂಥವಕ್ಕೆ ಎಲ್ಲಿತ್ತು? ಹಿಂದೆನಾ, ಮುಂದೆನಾ?”

ಒಂದು ಮಾತು ಸಾಕಿತ್ತು. ಮುಂದೆ ಅಥವಾ ಹಿಂದೆ. ಮೂವತ್ತೆರಡು ವರ್ಷ ಕೈಯಲ್ಲಿ ಗರಗಸ ಹಿಡಿದ ಮನುಷ್ಯನಿಗೆ ಅದು ತನ್ನ ಮನೆಯ ಬಾಗಿಲಿನಷ್ಟು ಗೊತ್ತಿರುವ ವಿಷಯ. ಅವನು ಗಂಟಲು ಸರಿಮಾಡಿಕೊಂಡ.

“ಇಲ್ಲ ಡಾಕ್ಟ್ರೇ. ನನ್ನ ಸರ್ವೀಸಲ್ಲಿ ಒಂದೂ ಬಂದಿಲ್ಲ. ಹೊರಗೆ ಗೋಡೆ ಮೇಲೇ ಇದೆಯಲ್ಲ, ನೂರ ನಲವತ್ತಕ್ಕೆ ನೂರ ನಲವತ್ತೂ ಸರಿ ಇದ್ವು. ನೀವು ಕಲಿತ ಹಾಗೇ ಮಾಡಿ. ಹಿಂದಿನ ಸಂದಿ.”

ನನಗೆ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ನಾನೇನು ಮಾಡಿದೆ ಎಂದರೆ, ಲಕೋಟೆಯ ಮೇಲೆ ಬರೆದಿದ್ದ ತಾರೀಖನ್ನು ಓದಿದೆ. ಇನ್ನೊಂದು ಸಲ ಓದಿದೆ. ಸರ್ಜನ್ ಪೆನ್ಸಿಲಿನಿಂದ ಹಿಂದಿನ ಸಂದಿಯ ಮೇಲೆ ಒಂದು ಗೀಟು ಎಳೆದರು.

“ಬಂದಿತ್ತು,” ಅಂದಳು ಅಕ್ಕ.

ಯಾರು ಮಾತಾಡಿದ್ದು ಎಂದು ಸರ್ಜನ್ ಒಂದು ಕ್ಷಣ ಹುಡುಕಿದರು. ನಾನೂ ಹುಡುಕಿದೆ.

“ಏನಮ್ಮ?”

“ಬೆಸೆದದ್ದು ಬಂದಿತ್ತು. ಇಪ್ಪತ್ತಾರು. ಗರಗಸದಲ್ಲಿ ಬಿಡಿಸಿದ್ದು ಇವರು, ಉಜ್ಜಿದ್ದು ನಾನು.”

ಭಾವ ನಕ್ಕ. ದೊಡ್ಡವರ ಎದುರು ಮನೆಯವರು ಏನಾದರೂ ಅಂದರೆ ನಗುತ್ತಾರಲ್ಲ, ಆ ನಗು. “ಡಾಕ್ಟ್ರೇ, ನಾಯಿ ಸಂಕಟ, ಏನೇನೋ ಮಾತಾಡ್ತಾಳೆ. ಮನೇಲಿರೋಳಿಗೆ ಇದೆಲ್ಲ ಏನು ಗೊತ್ತು.”

ಸರ್ಜನ್ ಅವನ ಕಡೆ ನೋಡಲಿಲ್ಲ. “ಮುಳ್ಳು ಎಲ್ಲಿತ್ತಮ್ಮ?”

ಅಕ್ಕ ಬೆಳಕಿನ ಪೆಟ್ಟಿಗೆಯ ಹತ್ತಿರವೂ ಹೋಗಲಿಲ್ಲ. ಆ ಕಪ್ಪು ಬಿಳುಪು ಅವಳಿಗೆ ಓದಲು ಬರುವುದಿಲ್ಲ. ಸರ್ಜನ್ ಕೈಯನ್ನು ಹಿಡಿದುಕೊಂಡು ಮರಿಯ ಬೆನ್ನ ಮೇಲೆ ಇಟ್ಟಳು, ಅವರ ತೋರುಬೆರಳನ್ನು ತನ್ನ ಬೆರಳಿನಿಂದ ಒತ್ತಿ ಒಂದೊಂದೇ ಮೂಳೆಯ ಮೇಲೆ ಹಿಂದಕ್ಕೆ ಸರಿಸಿದಳು.

“ಇದು ಐದು. ಇದು ಆರು. ಇದು ಏಳು, ಇದೇ ಬೆಸೆದಿರೋದು. ಇದರ ಹಿಂದೆ ಏನೂ ಇರಲ್ಲ. ಹಿಂದೆ ಯಾವಾಗ್ಲೂ ನುಣ್ಣಗಿರತ್ತೆ, ಅಲ್ಲಿ ನನಗೆ ಕೆಲಸಾನೇ ಇರ್ತಿರ್ಲಿಲ್ಲ. ಕಟ್ಟಿ ಹಾಕಿದ ಹಾಗೆ ಇರತ್ತಲ್ಲ, ಅಲ್ಲಾಡೋದೇ ಇಲ್ಲ, ಸವೆಯೋದು ಎಲ್ಲಿಂದ. ಮುಂದೆ ಇರತ್ತೆ. ಆರಕ್ಕೂ ಏಳಕ್ಕೂ ಮಧ್ಯೆ. ಮರಳು ಕಾಗದ ಹರಿದು ಹೋಗತ್ತೆ ಅಲ್ಲಿ. ಒಂದು ಸಲ ಉಗುರೊಳಗೆ ಹೋಗಿ ಹದಿನೈದು ದಿನ ಕೀವಾಗಿತ್ತು.”

“ಇಪ್ಪತ್ತಾರರಲ್ಲೂ ಮುಂದೆನಾ?”

“ನಾಲ್ಕು ಚಿಕ್ಕ ವಯಸ್ಸಿನವು, ಎಲ್ಲೂ ಮುಳ್ಳಿರ್ಲಿಲ್ಲ. ಉಳಿದವಕ್ಕೆಲ್ಲ ಮುಂದೆ.”

ಸರ್ಜನ್ ಅದೇ ಜಾಗದಲ್ಲಿ ಬೆರಳನ್ನು ಮೆಲ್ಲಗೆ ಒತ್ತಿದರು. ಮರಿ ತಲೆ ಎತ್ತಿ ಕೂಗಿತು. ಹಿಂದಿನ ಸಂದಿಯಲ್ಲಿ ಒತ್ತಿದರು, ಮರಿ ಸುಮ್ಮನಿತ್ತು. ಇನ್ನೊಮ್ಮೆ ಮುಂದೆ, ಇನ್ನೊಮ್ಮೆ ಹಿಂದೆ. ಆಮೇಲೆ ನನ್ನನ್ನು ನೋಡಿದರು.

“ನಿಮಗೆ ಇದು ಗೊತ್ತಿತ್ತಾ?”

“ಬಿಡಿಸ್ತಾರೆ ಅಂತ ಗೊತ್ತಿತ್ತು,” ಅಂದೆ.

ಅವರು ಫಿಲಮಿನ ಮೇಲಿನ ಗೀಟನ್ನು ಹೆಬ್ಬೆರಳಿನಿಂದ ಅಳಿಸಿ ಒಂದು ಸಂದಿ ಮುಂದೆ ಎಳೆದರು. ಇವತ್ತೇ ಮಧ್ಯಾಹ್ನ ಮಾಡುತ್ತೇನೆ ಎಂದು ಮರಿಯನ್ನು ಒಳಗೆ ಎತ್ತಿಕೊಂಡು ಹೋದರು.

ಕಾರಿಡಾರಿನಲ್ಲಿ ಭಾವ ಗೋಡೆಯ ಚೌಕಟ್ಟಿಗೆ ಬೆನ್ನು ಮಾಡಿ ನಿಂತಿದ್ದ. “ಎಲ್ಲ ಹಾಳು ಮಾಡ್ಬಿಟ್ಟೆಯಲ್ಲೇ. ಹದಿನೈದು ದಿನ ಸುಮ್ಮನಿರೋಕಾಗ್ಲಿಲ್ವಾ? ಮೂವತ್ತೆರಡು ವರ್ಷದ ಮರ್ಯಾದೆ. ಒಂದು ನಾಯಿಗೋಸ್ಕರ ಹರಾಜು ಹಾಕ್ಬಿಟ್ಟೆ.”

“ಅದನ್ನೂ ಉಜ್ಜಿಕೊಟ್ಟಿದ್ದು ನಾನೇ ಅಲ್ವೇನ್ರೀ,” ಅಂದಳು ಅಕ್ಕ. ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದಳು, ಅಂದು ಬೆಂಚಿನ ಮೇಲೆ ಕೂತಳು.

ಆಪರೇಷನ್ ಎರಡೂವರೆ ಗಂಟೆ ನಡೆಯಿತು. ಮುಂದಿನ ಸಂದಿಯಲ್ಲೇ ಇತ್ತು, ನರದ ಮೇಲೆ ಕಾಳಿನಷ್ಟು ದೊಡ್ಡ ಗಂಟು. ಹಿಂದಿನದನ್ನು ಬಿಚ್ಚಿದ್ದರೆ ನಾಯಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು ಎಂದು ಸರ್ಜನ್ ಹೊರಗೆ ಬಂದು ಅಕ್ಕನ ಎದುರಿಗೇ ಹೇಳಿದರು. ಭಾವ ಅಷ್ಟು ಹೊತ್ತಿಗೆ ಮನೆಗೆ ಹೋಗಿಯಾಗಿತ್ತು.

ಫಲಕದ ವಿಷಯ ಕೇಳುವವರಿಗೆ ಹೇಳಿಬಿಡುತ್ತೇನೆ: ಹಾಕಿದರು. ಮುಖ್ಯಸ್ಥರಿಗೆ ಸರ್ಜನ್ ಎಲ್ಲವನ್ನೂ ಬರೆದು ಕೊಟ್ಟಿದ್ದರು. ಅವರು ಓದಿ, ಮಡಚಿ, ಡ್ರಾಯರಿನಲ್ಲಿಟ್ಟು, ಫಲಕಕ್ಕೆ ಇನ್ನೆರಡು ಸ್ಕ್ರೂ ಹೆಚ್ಚಿಗೆ ಹಾಕಿಸಿದರು. ಸಮೀಕ್ಷೆ ಉಳಿಯಬೇಕಾದರೆ ಮೇಷ್ಟ್ರು ಉಳಿಯಬೇಕಲ್ಲ. ನಿವೃತ್ತಿಯ ದಿನ ಭಾಷಣ ಮಾಡಿದರು, ಭಾವ ಗೋಡೆ ಗಡಿಯಾರ ತೆಗೆದುಕೊಂಡು ತಲೆ ಬಾಗಿಸಿದ, ಇಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ನಾಚಿಕೆ ಅನ್ನುವುದು ಇವರಿಬ್ಬರ ಬೆನ್ನುಮೂಳೆಯ ಯಾವ ಸಂದಿಯಲ್ಲೂ ಇಲ್ಲ ಎಂದು ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿದೆ. ಅಕ್ಕ ಬಂದಿರಲಿಲ್ಲ.

ಆಪರೇಷನ್ ಆದ ಹನ್ನೊಂದನೆಯ ದಿನವೇ ಮರಿ ಎದ್ದು ನಿಂತಿತ್ತು. ನಿವೃತ್ತಿಯ ಸಮಾರಂಭ ಮುಗಿಸಿಕೊಂಡು ಅವತ್ತು ಸಂಜೆ ನಾನು ಅಕ್ಕನ ಮನೆಗೆ ಹೋದಾಗ ಅದು ಹಿತ್ತಲಿನಲ್ಲಿ ನಾಲ್ಕೂ ಕಾಲಿನ ಮೇಲೆ, ಹಿಂಭಾಗವನ್ನು ಸ್ವಲ್ಪ ತೂಗಿಕೊಂಡು, ನಡೆಯುತ್ತಿತ್ತು. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಮೂಳೆ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಭಾವನನ್ನು ಬಯ್ಯಲು ಶುರು ಮಾಡಿದೆ. ಭಾಷಣ, ಗಡಿಯಾರ, ಆ ಬೆನ್ನು ತಟ್ಟಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಎಂಥ ಮನುಷ್ಯ ಅಕ್ಕ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇದ್ದರಲ್ಲ, ಅಂದೆ.

ಅಕ್ಕ ಮರಿಯ ಕಾಲುಗಳನ್ನೇ ನೋಡುತ್ತಿದ್ದಳು.

“ಅವರಿಗೆ ಫಲಕ ಬೇಕಿತ್ತು,” ಅಂದಳು. “ನೀನು ಯಾಕೆ ಬಾಯಿ ಮುಚ್ಕೊಂಡಿದ್ದೆ?”

ಕೆಲಸ ಕೊಡಿಸಿದ ಋಣ ಎಂದು ಹೇಳಲು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷದ ಕಾಯಂ ನೌಕರಿ ನನ್ನದು, ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ. ಅದು ಅವಳಿಗೂ ಗೊತ್ತು. ಅಷ್ಟರಲ್ಲಿ ಮರಿ ಬಾಗಿಲ ತನಕ ಹೋಗಿಯಾಗಿತ್ತು. ಅಕ್ಕ ಎದ್ದು ಅದರ ಹಿಂದೆ ಒಳಗೆ ಹೋದಳು.